ನನ್ನ ಕೆಲಸದ ಹೆಸರೇನು?

"ನಿಮ್ಮ ಕೆಲಸ ಏನು?" ಎಂದು ಯಾರಾದರೂ ಕೇಳಿದರೆ ಹದಿನೈದು ವರ್ಷಗಳಿಂದ ನಾನು ಕೊಡುತ್ತಿದ್ದ ಉತ್ತರ ಒಂದೇ: "ಸಾಫ್ಟ್‌ವೇರ್." ಸೊಸೈಟಿ ಮೀಟಿಂಗಿನಲ್ಲಿ, ಮಗಳ ಶಾಲೆಯ ಫಾರ್ಮಿನಲ್ಲಿ, ಊರಿನ ಮದುವೆಯ ಊಟದ ಪಂಕ್ತಿಯಲ್ಲಿ ಅಷ್ಟೇ ಸಾಕಾಗುತ್ತಿತ್ತು. ಅದು ಸಾಕಾಗದ ಜಾಗವೊಂದಿದೆ ಎಂದು ಗೊತ್ತಾದದ್ದು 2024ರ ಜನವರಿಯಲ್ಲಿ, ವಾಶಿ ಸ್ಟೇಷನ್ ಹತ್ತಿರದ ಒಬ್ಬ ವೀಸಾ ಸಲಹೆಗಾರರ ಆಫೀಸಿನಲ್ಲಿ.

ನಾನು ಅಲ್ಲಿಗೆ ಹೋದದ್ದಕ್ಕೆ ಕಾರಣ ನಮ್ಮ ಲೋಕಲ್ ಟ್ರೇನು. ಬೆಳಗ್ಗೆ ಡೊಂಬಿವಲಿಯಿಂದ ಥಾಣೆ, ಅಲ್ಲಿ ಒಂಬತ್ತು-ಹತ್ತನೇ ಪ್ಲಾಟ್‌ಫಾರ್ಮಿಗೆ ಓಡಿ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು ಐರೋಲಿ. ಈ ದಾರಿಯಲ್ಲಿ ಕೆನಡಾ, ಆಸ್ಟ್ರೇಲಿಯಾದ ಮಾತು ಬಾರದ ದಿನವೇ ಇಲ್ಲ. ಯಾರದೋ ಪಿಆರ್ ಆಯಿತು, ಯಾರೋ ಐಇಎಲ್‌ಟಿಎಸ್ ಬರೆದರು, ಯಾರದೋ ವಯಸ್ಸಿನ ಅಂಕ ಹೋಯಿತು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತವನಿಗೆ ಇಂಥ ಮಾತು ಬೇಗ ತಾಗುತ್ತದೆ. ನನಗೆ ಆಗ ಮೂವತ್ತೇಳು ವರ್ಷ. ತಡ ಮಾಡಿದರೆ ಕೆಟ್ಟೆ ಎನ್ನಿಸಿತು.

ಸಲಹೆಗಾರರು ನನ್ನ ರೆಸ್ಯೂಮೆಯನ್ನು ಎರಡು ನಿಮಿಷ ನೋಡಿ, "ಸರ್, ಕೆನಡಾಕ್ಕೆ ನೇರವಾಗಿ ಆಗುವುದಿಲ್ಲ, ಪ್ರಾಂತದ ಮೂಲಕ ಹೋಗೋಣ" ಎಂದರು. ಅದು ಸರಿಯಾದ ಮಾತೇ. ಕೆನಡಾದಲ್ಲಿ 2015ರಿಂದ ಇರುವ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಒಟ್ಟು 1200 ಅಂಕ. ನನ್ನ ಲೆಕ್ಕ 430ರ ಆಸುಪಾಸು ನಿಲ್ಲುತ್ತಿತ್ತು. 2024ರ ಸಾಮಾನ್ಯ ಸುತ್ತುಗಳಲ್ಲಿ ಕಟ್‌ಆಫ್ 500ರ ಮೇಲೇ ಇತ್ತು. ಇದಕ್ಕೆ ವಯಸ್ಸೇ ದೊಡ್ಡ ಕಾರಣ. ಹೆಂಡತಿಯೂ ಜತೆಗೆ ಬರುವ ಅರ್ಜಿಯಾದರೆ 29ನೇ ವಯಸ್ಸಿನ ತನಕ ವಯಸ್ಸಿಗೆ 100 ಅಂಕ, 37ಕ್ಕೆ 60, 40ಕ್ಕೆ 45, 45 ತುಂಬಿದರೆ ಸೊನ್ನೆ. ಆದರೆ ಯಾವುದಾದರೂ ಪ್ರಾಂತ "ಇವರು ನಮಗೆ ಬೇಕು" ಎಂದು ಹೆಸರು ಸೂಚಿಸಿದರೆ ಒಮ್ಮೆಗೇ 600 ಅಂಕ ಸೇರುತ್ತದೆ. ಆಮೇಲೆ ಯಾವ ಕಟ್‌ಆಫೂ ಲೆಕ್ಕಕ್ಕಿಲ್ಲ. ಕ್ವೆಬೆಕ್ ಮತ್ತು ನುನಾವುಟ್ ಬಿಟ್ಟು ಉಳಿದೆಲ್ಲ ಕಡೆ ಇಂಥ ಯೋಜನೆ ಇದೆ.

"ಪ್ರಾಂತದವರು ನೋಡುವುದು ನಿಮ್ಮ ಕೆಲಸದ ಕೋಡ್" ಎಂದರು ಸಲಹೆಗಾರರು. "ನಿಮ್ಮದು 21231, ಸಾಫ್ಟ್‌ವೇರ್ ಎಂಜಿನಿಯರ್. ಲೆಟರ್ ನಾವೇ ಡ್ರಾಫ್ಟ್ ಮಾಡಿ ಕೊಡುತ್ತೇವೆ, ನೀವು ಎಚ್‌ಆರ್ ಕೈಯಲ್ಲಿ ಸಹಿ ಹಾಕಿಸಿದರೆ ಸಾಕು."

ಅವರು ಮುಂದಿಟ್ಟ ಡ್ರಾಫ್ಟನ್ನು ಟ್ರೇನಿನಲ್ಲಿ ಓದಿದೆ. ತುಂಬ ಚೆನ್ನಾಗಿತ್ತು. ನಾನು ಸಾಫ್ಟ್‌ವೇರ್ ವಿನ್ಯಾಸ ಮಾಡುತ್ತೇನೆ, ಸಂಶೋಧನೆ ಮಾಡುತ್ತೇನೆ, ತಂಡಗಳಿಗೆ ದಾರಿ ತೋರಿಸುತ್ತೇನೆ ಎಂದೆಲ್ಲ ಇತ್ತು. ಓದುತ್ತ ಓದುತ್ತ ಕೊಪರ್‌ಖೈರಣೆ ದಾಟುವ ಹೊತ್ತಿಗೆ ಒಂದು ಅನುಮಾನ ಬಂತು: ಈ ಮನುಷ್ಯ ಯಾರು?

ನನ್ನ ನಿಜವಾದ ಕೆಲಸ ಹೀಗಿತ್ತು. 2009ರಲ್ಲಿ ಎಂಸಿಎ ಮುಗಿಸಿ ಸೇರಿದ ಮೊದಲ ಕಂಪನಿಯಲ್ಲಿ 2018ರ ಕೊನೆಯ ತನಕ ಕೋಡ್ ಬರೆದೆ. 2019ರ ಜನವರಿಯಲ್ಲಿ ಈಗಿನ ಕಂಪನಿಗೆ ಬಂದೆ, ಸಂಬಳ ಹೆಚ್ಚಾಯಿತು, ಹುದ್ದೆಯ ಹೆಸರೂ ದೊಡ್ಡದಾಯಿತು. ಆದರೆ ಕೆಲಸ ಒಂದು ಬ್ಯಾಂಕಿನ ವ್ಯವಸ್ಥೆಗೆ ಪ್ರೊಡಕ್ಷನ್ ಸಪೋರ್ಟ್. ರಾತ್ರಿ ಬ್ಯಾಚ್ ನಿಂತರೆ ಫೋನು, ಟಿಕೆಟ್ ತೆರೆಯುವುದು, ಲಾಗ್ ನೋಡುವುದು, ಡೇಟಾ ಸರಿಪಡಿಸುವುದು, ಟಿಕೆಟ್ ಮುಚ್ಚುವುದು. ನಿದ್ದೆ ಕೆಡಿಸುವ, ಜವಾಬ್ದಾರಿಯ ಕೆಲಸ. ಆದರೆ ಡ್ರಾಫ್ಟಿನಲ್ಲಿದ್ದ ಕೆಲಸ ಅದಲ್ಲ.

ಮನೆಗೆ ಬಂದು ಅಪ್ಪಯ್ಯನಿಗೆ ಹೇಳಿದೆ. ಅಪ್ಪಯ್ಯ ಕುಂದಾಪುರ ಕಡೆಯ ಹಳ್ಳಿಯಿಂದ 1971ರಲ್ಲಿ, ಏಳನೇ ಕ್ಲಾಸು ಮುಗಿಸಿ, ಹದಿನಾಲ್ಕರ ಪ್ರಾಯದಲ್ಲಿ ಮುಂಬಯಿಗೆ ಬಂದವರು. "ಎಂತದಾ ಅದ್? ಕೆಲ್ಸಕ್ಕೂ ಪಿನ್‌ಕೋಡ್ ಇತ್ತಾ?" ಎಂದು ನಕ್ಕರು. ಅವರಿಗೆ ಅರ್ಥವಾಗುವಂತೆ ಹೇಳಲು ನಾನು ಹೋಟೆಲನ್ನೇ ಉದಾಹರಣೆ ಮಾಡಿಕೊಂಡೆ. ಹೇಳುತ್ತಾ ಹೋದಂತೆ ನನಗೂ ಆಗಲೇ ಸರಿಯಾಗಿ ಅರ್ಥವಾಯಿತು. ನಿಮಗೂ ಹಾಗೆಯೇ ಹೇಳುತ್ತೇನೆ.

ಕೆನಡಾದ ಉದ್ಯೋಗ ವರ್ಗೀಕರಣಕ್ಕೆ ಎನ್‌ಒಸಿ ಎನ್ನುತ್ತಾರೆ. ನಮ್ಮ ಕಂಪನಿಗಳು ಕೊಡುವ ಎನ್‌ಒಸಿಗೂ ಇದಕ್ಕೂ ಸಂಬಂಧವಿಲ್ಲ. ಇದರಲ್ಲಿ ಪ್ರತಿ ಉದ್ಯೋಗಕ್ಕೂ ಐದಂಕಿಯ ಸಂಖ್ಯೆ. ಮೊದಲ ಅಂಕಿ ಕ್ಷೇತ್ರ: 2 ಎಂದರೆ ವಿಜ್ಞಾನ, ತಂತ್ರಜ್ಞಾನ, 6 ಎಂದರೆ ಮಾರಾಟ ಮತ್ತು ಸೇವೆ. ಎರಡನೇ ಅಂಕಿಯೇ ಮುಖ್ಯ. ಆ ಕೆಲಸಕ್ಕೆ ಎಷ್ಟು ಓದು, ತರಬೇತಿ, ಜವಾಬ್ದಾರಿ ಬೇಕು ಎಂಬುದನ್ನು 0ಯಿಂದ 5ರ ತನಕ ಅದು ಹೇಳುತ್ತದೆ. ಇದಕ್ಕೆ ಟೀರ್ ಎಂದು ಹೆಸರು.

ಈಗ ನಮ್ಮ ಉಡುಪಿ ಹೋಟೆಲಿಗೆ ಬನ್ನಿ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ, ಕೈಕೆಲಸದ ಹುಡುಗ 65201. ಟೇಬಲಿಗೆ ಇಡ್ಲಿ ತಂದಿಡುವ ಸಪ್ಲೈಯರ್ 65200. ಇಬ್ಬರದೂ ಎರಡನೇ ಅಂಕಿ 5. ಕಾವಲಿ ಮುಂದೆ ನಿಂತು ದೋಸೆ ಹೊಯ್ಯುವ ಅಡುಗೆಯವರು 63200, ಅಂದರೆ 3. ಅಡುಗೆಮನೆಯನ್ನೇ ನಡೆಸುವ ದೊಡ್ಡ ಬಾಣಸಿಗರು 62200, ಅಂದರೆ 2. ಗಲ್ಲಾದಲ್ಲಿ ಕೂತು ಇಡೀ ಹೋಟೆಲು ನೋಡಿಕೊಳ್ಳುವ ಮ್ಯಾನೇಜರ್ 60030, ಅಂದರೆ 0. ಎಕ್ಸ್‌ಪ್ರೆಸ್ ಎಂಟ್ರಿಯ ನುರಿತ ಕೆಲಸಗಾರರ ದಾರಿಯಲ್ಲಿ 0ಯಿಂದ 3ರವರೆಗೆ ಮಾತ್ರ ಪ್ರವೇಶ. ಅಂದರೆ ಭಟ್ಟರಿಗೆ ಬಾಗಿಲು ತೆರೆಯುತ್ತದೆ, ಸಪ್ಲೈಯರಿಗೆ ಇಲ್ಲ.

"ಹಂಗಾರೆ ನಾ ಬಪ್ಪತಿಗೆ ಐದ್" ಎಂದರು ಅಪ್ಪಯ್ಯ. ಹೌದು. ಬರುವಾಗ ಐದು, ಕೊನೆಗೆ ಥಾಣೆಯ ವಾಗ್ಲೆ ಎಸ್ಟೇಟಿನ ಕಾರ್ಖಾನೆಯೊಂದರ ಕ್ಯಾಂಟೀನ್ ನಡೆಸುವಾಗ ಸೊನ್ನೆ. ಈ ಲೆಕ್ಕದಲ್ಲಿ ಸೊನ್ನೆಯೇ ದೊಡ್ಡದು.

ಐಟಿಯಲ್ಲೂ ಇದೇ ಏಣಿ. ಹೊಸ ಸಾಫ್ಟ್‌ವೇರಿಗೆ ಕೋಡ್ ವಿನ್ಯಾಸ ಮಾಡಿ, ಬರೆದು, ಪರೀಕ್ಷಿಸುವ ಡೆವಲಪರ್ 21232. ಟೆಸ್ಟಿಂಗ್ ಮಾಡುವವರು 22222. ಬಳಕೆದಾರರ ತೊಂದರೆ ಬಗೆಹರಿಸುವ ಸಪೋರ್ಟಿನವರು 22221. ಡೇಟಾಬೇಸ್ ನೋಡಿಕೊಳ್ಳುವವರು 21223. ಸೈಬರ್ ಭದ್ರತೆಯವರು 21220. ಐಟಿ ಮ್ಯಾನೇಜರ್ 20012. ಒಂದೇ ಹಾಲಿನಲ್ಲಿ, ಒಂದೇ ರೀತಿಯ ಐಡಿ ಕಾರ್ಡ್ ನೇತುಹಾಕಿಕೊಂಡು ಕೂತಿರುವ ನಾಲ್ಕು ಜನರಿಗೆ ನಾಲ್ಕು ಕೋಡ್. ನಮ್ಮ ಕಂಪನಿಗಳು ಕೊಡುವ "ಲೀಡ್", "ಕನ್ಸಲ್ಟೆಂಟ್", "ಅಸೋಸಿಯೇಟ್" ಮುಂತಾದ ಬಿರುದುಗಳಿಗೆ ಅಲ್ಲಿ ಬೆಲೆ ಇಲ್ಲ. ನಿಯಮ ಹೇಳುವುದು ಇಷ್ಟು: ಆ ಕೋಡಿನ ಮುಖ್ಯ ವಿವರಣೆಯಲ್ಲಿ ಹೇಳಿದ ಕೆಲಸವನ್ನು ನೀವು ಮಾಡಿರಬೇಕು, ಅದರ ಕೆಳಗೆ ಪಟ್ಟಿ ಮಾಡಿದ ಮುಖ್ಯ ಕರ್ತವ್ಯಗಳಲ್ಲಿ ಗಣನೀಯ ಭಾಗವನ್ನೂ ಮಾಡಿರಬೇಕು. ಹೆಸರು ಹೊಂದಿದರೆ ಸಾಲದು, ಕೆಲಸ ಹೊಂದಬೇಕು.

ಕೋಡ್ ಸಿಕ್ಕಿದ ಮೇಲೆ ಎರಡನೇ ಸಮಸ್ಯೆ. ಯಾವ ಪ್ರಾಂತಕ್ಕೆ ಆ ಕೋಡ್ ಬೇಕು? ಇದರಲ್ಲಿ ನಾಲ್ಕು ಬಗೆ ಕಂಡೆ. ಒಂದು, "ಈ ಕೆಲಸಗಳಿಗೆ ಜನ ಬೇಕು" ಎಂದು ಪಟ್ಟಿ ಹಾಕುವುದು. ಎರಡು, ಅದರ ತಿರುಗು: "ಈ ಕೆಲಸದವರು ಬೇಡ, ಉಳಿದವರು ಬನ್ನಿ" ಎಂಬ ಪಟ್ಟಿ. ಸಸ್ಕಾಚೆವಾನ್ ಪ್ರಾಂತ 2019ರ ಸೆಪ್ಟೆಂಬರಿನಲ್ಲಿ ಮೊದಲ ಬಗೆಯನ್ನು ಬಿಟ್ಟು ಈ ಎರಡನೆಯದಕ್ಕೆ ಬಂತು. ಮೂರು, ಪಟ್ಟಿಯೇ ಇಲ್ಲದೆ ಆಯಾ ಸುತ್ತಿನಲ್ಲಿ ಬೇಕಾದ ಕೋಡುಗಳನ್ನು ಮಾತ್ರ ಕರೆಯುವುದು. ಒಂಟಾರಿಯೊ 2019ರ ಜುಲೈಯಲ್ಲಿ ಆರು ಐಟಿ ಉದ್ಯೋಗಗಳನ್ನಷ್ಟೇ ಆರಿಸಿ ಕರೆದಾಗ ನಮ್ಮ ಟ್ರೇನಿನಲ್ಲಿ ಹಬ್ಬದ ವಾತಾವರಣ ಇತ್ತು. ನಾಲ್ಕು, ಅಲ್ಲಿಯ ಕಂಪನಿಯೊಂದು ಕೆಲಸ ಕೊಟ್ಟ ಮೇಲೆಯೇ ಬಾಗಿಲು ತೆರೆಯುವುದು. ಬ್ರಿಟಿಷ್ ಕೊಲಂಬಿಯಾದ ಟೆಕ್ ಯೋಜನೆ ಹಾಗೆ.

ಆಸ್ಟ್ರೇಲಿಯಾದ ಕಥೆಯೂ ಹೆಚ್ಚು ದೂರದ್ದಲ್ಲ. ಅಲ್ಲಿ ಕೋಡ್ ಆರಂಕಿಯದು. ಸಾಫ್ಟ್‌ವೇರ್ ಎಂಜಿನಿಯರ್ 261313. ಅರ್ಜಿಗೆ ಮೊದಲೇ ಎಸಿಎಸ್ ಎಂಬ ಸಂಸ್ಥೆ ನಿಮ್ಮ ಓದು, ಅನುಭವ ನೋಡಿ ಕೆಲವು ವರ್ಷಗಳನ್ನು ಕಳೆದು ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. 2019ರ ನವೆಂಬರಿನಲ್ಲಿ ಬಂದ 491 ವೀಸಾದಲ್ಲಿ ರಾಜ್ಯ ಹೆಸರು ಸೂಚಿಸಿದರೆ 15 ಅಂಕ. ಆದರೆ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಬೇರೆ ಕಡೆ ಇರಬೇಕು, ಮೂರು ವರ್ಷ ಕಳೆದ ಮೇಲೆ ಕಾಯಂ ವೀಸಾದ ಮಾತು. 33ರಿಂದ 39ರ ವಯಸ್ಸಿಗೆ 25 ಅಂಕ, 40 ತುಂಬಿದ ದಿನ ಅದು 15.

ಮತ್ತೆ ಈ ಪಟ್ಟಿಗಳು ನಿಂತ ನೀರಲ್ಲ. 2022ರ ನವೆಂಬರ್ 16ರಂದು ಕೆನಡಾ ಹಳೆಯ ವರ್ಗೀಕರಣ ಬಿಟ್ಟು ಹೊಸದಕ್ಕೆ ಬಂದಾಗ ಹದಿನಾರು ಉದ್ಯೋಗಗಳು ಹೊಸದಾಗಿ ಒಳಬಂದವು, ಟ್ರಕ್ ಮತ್ತು ಬಸ್ ಚಾಲಕರು ಅದರಲ್ಲಿದ್ದರು. ಮೂರು ಹೊರಹೋದವು, ಅದರಲ್ಲಿ ಒಂದು ಟೇಲರ್ ಕೆಲಸ. ಹಿಂದಿನ ದಿನ ನುರಿತವನಾಗಿದ್ದ ದರ್ಜಿ ಮರುದಿನ ಅಲ್ಲ. ಅವನ ಕತ್ತರಿ ಮಾತ್ರ ಅದೇ. ನಮ್ಮ ಸರದಿಯೂ ಬಂತು. 2023ರಲ್ಲಿ ವಿಜ್ಞಾನ-ತಂತ್ರಜ್ಞಾನದವರನ್ನು ಬೇರೆಯಾಗಿ ಕರೆಯಲು ಕೇಂದ್ರ ಸರಕಾರವೇ ಮಾಡಿದ ಪಟ್ಟಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರುಗಳಿದ್ದರು. 2025ರ ಫೆಬ್ರುವರಿಯಲ್ಲಿ ಪಟ್ಟಿ ಬದಲಾದಾಗ ಸೈಬರ್ ಭದ್ರತೆಯವರು ಉಳಿದರು, ನಾವು ಹೊರಗೆ. ಅದಕ್ಕೂ ಮೊದಲು, 2024ರ ಅಕ್ಟೋಬರಿನಲ್ಲಿ, ಪ್ರಾಂತಗಳ ಮೂಲಕ 2025ರಲ್ಲಿ ಬರುವವರ ಗುರಿಯನ್ನು 55,000ಕ್ಕೆ ಇಳಿಸಿದ್ದರು. ಹಿಂದಿನ ಯೋಜನೆಯಲ್ಲಿ ಅದು ಒಂದು ಲಕ್ಷ ದಾಟಿತ್ತು.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ಸಲಹೆಗಾರರು ಆರಿಸಿದ್ದು ಸಸ್ಕಾಚೆವಾನ್. ಅಲ್ಲಿ ಅರ್ಜಿಗೆ ಕನಿಷ್ಠ 60 ಅಂಕ ಬೇಕು. ಸ್ನಾತಕೋತ್ತರ ಪದವಿಗೆ 23. ಇಂಗ್ಲಿಷಿಗೆ 20. ವಯಸ್ಸಿಗೆ 10, 35ರಿಂದ 45ರ ತನಕ ಅಲ್ಲಿ ಒಂದೇ, ಆ ಮಟ್ಟಿಗೆ ಅವರು ದಯಾಳುಗಳು. ಉಳಿದದ್ದು ಅನುಭವ. ಕಳೆದ ಐದು ವರ್ಷಗಳಲ್ಲಿ ಪ್ರತಿ ವರ್ಷಕ್ಕೆ 2 ಅಂಕ, ಅದಕ್ಕೂ ಹಿಂದಿನ ಐದು ವರ್ಷಗಳಿಗೆ ಒಟ್ಟು 5ರವರೆಗೆ ಮಾತ್ರ.

ಸಲಹೆಗಾರರ ಕಾಗದದ ಪ್ರಕಾರ ನಾನು ಹತ್ತೂ ವರ್ಷ ಎಂಜಿನಿಯರ್: 23, 20, 10, ಮತ್ತೆ 15. ಒಟ್ಟು 68.

ನಿಜವಾದ ಲೆಕ್ಕ ಬೇರೆ. ಒಂದು ಭಾನುವಾರ ಕೂತು ಹಿಂದಿನ ಆರು ತಿಂಗಳ ನನ್ನ ಟಿಕೆಟುಗಳನ್ನೆಲ್ಲ ಒಂದು ಶೀಟಿನಲ್ಲಿ ಹಾಕಿದೆ. ಯಾವುದಕ್ಕೆ ಕೋಡ್ ಬರೆದೆ, ಯಾವುದಕ್ಕೆ ಬರೆಯಲಿಲ್ಲ ಎಂದು ಗುರುತು ಮಾಡಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಉತ್ತರ ಬಂದಿತ್ತು. ಕೋಡ್ ಬರೆದದ್ದು ಬೆರಳೆಣಿಕೆಯಷ್ಟು. ಹಾಗಾದರೆ ಡೆವಲಪರ್ ಎಂದು ಹೇಳಿಕೊಳ್ಳಬಹುದಾದದ್ದು 2018ಕ್ಕೆ ಹಿಂದಿನದು ಮಾತ್ರ, ಅದಕ್ಕೆ 5 ಅಂಕ. ಒಟ್ಟು 58. ಎರಡೇ ಎರಡು ಅಂಕ ಕಡಿಮೆ.

ಈಗಿನ ಕೆಲಸವನ್ನೇ ಅದರ ನಿಜವಾದ ಹೆಸರಿನಲ್ಲಿ, ಸಪೋರ್ಟಿನ 22221ರಲ್ಲಿ ಹಾಕಿದರೆ? ಐದು ವರ್ಷಕ್ಕೆ 10, ಒಟ್ಟು 63. ಅರ್ಜಿಗೆ ಸಾಕು. ಆದರೆ 60 ಎಂಬುದು ಬಾವಿಗೆ ಇಳಿಯುವ ಮಟ್ಟ ಮಾತ್ರ. ಮೇಲೆತ್ತುವ ಹಗ್ಗ ಯಾವ ಕೋಡಿಗೆ, ಎಷ್ಟು ಅಂಕಕ್ಕೆ ಬೀಳುತ್ತದೆ ಎಂಬುದು ಆಯಾ ಸುತ್ತಿಗೆ ಬಿಟ್ಟದ್ದು. 68 ಬಂದರೂ ಕರೆಯ ಖಾತ್ರಿಯಿಲ್ಲ, ಆ ಮಾತನ್ನು ಸಲಹೆಗಾರರು ಹೇಳಿರಲಿಲ್ಲ. ಮತ್ತೆ ಒಂದು ಮಾತು ಒಪ್ಪಿಕೊಳ್ಳಬೇಕು. 22221ರ ಪುಟ ಓದುವಾಗ ಮನಸ್ಸಿಗೆ ಚುಚ್ಚಿತು. ಎಂಸಿಎ ಮಾಡಿದವನು, ಹದಿನಾಲ್ಕು ವರ್ಷ ಅನುಭವ ಇದ್ದವನು, ಸಪೋರ್ಟ್ ಟೆಕ್ನಿಷಿಯನ್ನೇ ಎಂದು. ಆ ಡ್ರಾಫ್ಟ್ ನನಗೆ ಇಷ್ಟವಾದದ್ದು ಕೆನಡಾದ ಆಸೆಯಿಂದ ಮಾತ್ರ ಅಲ್ಲ, ನಾನು ಆಗಬೇಕಿದ್ದ ಮನುಷ್ಯನನ್ನು ಅದು ವರ್ಣಿಸಿತ್ತು.

ಎರಡು ವಾರ ಆ ಕಾಗದ ಬ್ಯಾಗಿನಲ್ಲೇ ಇತ್ತು. ಎಚ್‌ಆರ್‌ನವರು ಹೇಗೂ "ನಮ್ಮ ಪಾಲಿಸಿಯಲ್ಲಿ ಹುದ್ದೆ ಮತ್ತು ದಿನಾಂಕ ಮಾತ್ರ ಬರೆಯುತ್ತೇವೆ" ಎಂದಿದ್ದರು. "ಪರವಾಗಿಲ್ಲ, ಪರಿಚಯದ ಮ್ಯಾನೇಜರ್ ಸಹಿ ಮಾಡಿದರೂ ನಡೆಯುತ್ತದೆ" ಎಂದು ಸಲಹೆಗಾರರು ಫೋನು ಮಾಡುತ್ತಿದ್ದರು. ನನ್ನ ಮ್ಯಾನೇಜರ್ ಒಳ್ಳೆಯವರು. ಕೇಳಿದ್ದರೆ ಬಹುಶಃ ಸಹಿ ಮಾಡುತ್ತಿದ್ದರು. ಅದೇ ಹೆದರಿಕೆ.

ಆಗ ಸಿಕ್ಕಿದ್ದು ಕಲ್ಯಾಣದ ಗೆಳೆಯ. ಕಲಬುರಗಿಯವನು, ಊರಿಗೆ ಹೋಗಬೇಕಾದರೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಿ ಬರುವಾಗ ನಮಗೆಲ್ಲ ರೊಟ್ಟಿ, ಶೇಂಗಾ ಹಿಂಡಿ ತರುವವನು. ಅವನ ಅರ್ಜಿ ವಿಚಾರ ಎಲ್ಲರಿಗೂ ಗೊತ್ತಿತ್ತು, ಆಮೇಲೆ ಏನಾಯಿತು ಎಂದು ಮಾತ್ರ ಅವನು ಹೇಳುತ್ತಿರಲಿಲ್ಲ. ನನ್ನ ಡ್ರಾಫ್ಟ್ ತೋರಿಸಿದೆ. ಓದಿ ಮಡಚಿ ವಾಪಸು ಕೊಟ್ಟ. "ಇದೇ ಕಾಗದ ದೋಸ್ತ. ನಂದೂ ಇದೇ ಇತ್ತು. ಅದರಾಗ ಏನ್ ಬರದಾರ ಅಂತ ನಾ ನೆಟ್ಟಗ ಓದೇ ಇಲ್ಲ."

ಅವನು ಟೆಸ್ಟಿಂಗಿನವನು. ಅವನ ಸಲಹೆಗಾರ ಡೆವಲಪರ್ ಎಂದು ಬರೆಸಿದ್ದ, ಕರ್ತವ್ಯಗಳನ್ನು ಸರಕಾರಿ ಪುಟದಿಂದ ಅಕ್ಷರಕ್ಕೆ ಅಕ್ಷರ ಎತ್ತಿ ಹಾಕಿದ್ದ. ಅಲ್ಲಿಯ ಅಧಿಕಾರಿಗಳಿಂದ ವಿವರಣೆ ಕೇಳಿ ಪತ್ರ ಬಂತು. ಕಂಪನಿಯ ದಾಖಲೆ ಒಂದು ಹೇಳಿತು, ಕಾಗದ ಇನ್ನೊಂದು. ಕೆನಡಾದ ವಲಸೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ತಪ್ಪು ಮಾಹಿತಿ ಕೊಟ್ಟವರಿಗೆ ಐದು ವರ್ಷ ಬಾಗಿಲು ಬಂದ್. ಪಿಆರ್ ಮಾತ್ರವಲ್ಲ, ನೆಂಟರ ಮನೆಗೆ ಹೋಗುವ ವೀಸಾ ಕೂಡ ಸಿಗುವುದಿಲ್ಲ. ಟೊರೊಂಟೊದಲ್ಲಿರುವ ಅವನ ತಂಗಿಗೆ ಮಗುವಾದಾಗ ತಾಯಿಯನ್ನು ಒಬ್ಬರನ್ನೇ ವಿಮಾನ ಹತ್ತಿಸಿದ. ಸಹಿ ಅವನದು, ಆದ್ದರಿಂದ ಶಿಕ್ಷೆಯೂ ಅವನದು. ಸಲಹೆಗಾರ ಫೋನ್ ನಂಬರ್ ಬದಲಿಸಿಕೊಂಡಿದ್ದ. ಅವನು ಟೆಸ್ಟಿಂಗಿನ 22222ರಲ್ಲೇ ಹಾಕಿದ್ದರೂ ಎಕ್ಸ್‌ಪ್ರೆಸ್ ಎಂಟ್ರಿಗೆ ಅರ್ಹನೇ ಆಗಿದ್ದ ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ರಾತ್ರಿ ಇದನ್ನು ಹೇಳಿದಾಗ ಅಪ್ಪಯ್ಯ ತಮ್ಮದೊಂದು ಹಳೆಯ ಸಂಗತಿ ಹೇಳಿದರು. ಹೋಟೆಲಿಗೆ ಸೇರಿ ಎರಡನೇ ವರ್ಷ, ದೋಸೆಯ ಭಟ್ಟರು ಊರಿಗೆ ಹೋಗಿದ್ದಾಗ ಧಣಿಗಳು ಕೇಳಿದರಂತೆ, "ದ್ವಾಸಿ ಹೊಯ್ಯುಕ್ ಬತ್ತಾ?" ಇವರು "ಬತ್ತ್" ಎಂದರು. ಬರುತ್ತಿರಲಿಲ್ಲ. ಯಾರೂ ಕಾಗದ ಕೇಳಲಿಲ್ಲ, ನೇರ ಕಾವಲಿ ಮುಂದೆ ನಿಲ್ಲಿಸಿದರು. ಮೊದಲ ಹತ್ತು ದೋಸೆ ಕಾವಲಿಗೇ ಅಂಟಿದವು. ಮತ್ತೆ ಒಂದು ವರ್ಷ ಪಾತ್ರೆ ತೊಳೆಯುವ ಕಡೆಗೆ. "ಆ ವರ್ಷ ದಿನಾ ರಾತ್ರಿ ಹೋಟ್ಲ್ ಬಂದ್ ಆದ್ಮೇಲೆ ಕಲ್ತೆ" ಎಂದರು. ಅಷ್ಟು ಹೇಳಿ ಟಿವಿ ಹಾಕಿದರು. ನನ್ನ ಬಗ್ಗೆ ಏನೂ ಹೇಳಲಿಲ್ಲ.

ನಾನು ಅರ್ಜಿ ಹಾಕಲಿಲ್ಲ. ಕೊಟ್ಟ ಮುಂಗಡ ಹಣ ವಾಪಸು ಬರಲಿಲ್ಲ. ಮ್ಯಾನೇಜರ ಹತ್ತಿರ ಸಹಿ ಕೇಳುವ ಬದಲು, ಡೆವಲಪ್‌ಮೆಂಟ್ ತಂಡಕ್ಕೆ ಬದಲಾಯಿಸಿ ಕೊಡಿ ಎಂದು ಕೇಳಿದೆ. ಎಂಟು ತಿಂಗಳು ಹಿಡಿಯಿತು. ಇಪ್ಪತ್ತೈದರ ಹುಡುಗರ ಪಕ್ಕ ಕೂತು ಹೊಸದಾಗಿ ಕಲಿಯುವಾಗ ಸಂಕೋಚ ಆಯಿತು, ಈಗ ಇಲ್ಲ. ಎರಡನೇ ಭಾಷೆಗೂ ಅಂಕ ಇದೆ ಎಂದು ತಿಳಿದು ಫ್ರೆಂಚ್ ಕ್ಲಾಸಿಗೂ ಸೇರಿದೆ. ಮನೆಯಲ್ಲಿ ಕುಂದಾಪುರ ಕನ್ನಡ, ಹೊರಗೆ ಮರಾಠಿ, ಟ್ರೇನಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್; ಐದನೆಯದಕ್ಕೆ ನಾಲಗೆ ಹೊರಳುವುದು ಕಷ್ಟ. ಮಗಳು ನನ್ನ ಉಚ್ಚಾರ ಕೇಳಿ ನಗುತ್ತಾಳೆ. ಈ ನಡುವೆ ಪ್ರಾಂತಗಳ ಕೋಟಾ ಇಳಿಯಿತು, ನನಗೆ ಮೂವತ್ತೊಂಬತ್ತು ತುಂಬಿತು. ಹೋಗುತ್ತೇನೋ ಇಲ್ಲವೋ ಎಂಬ ಪ್ರಶ್ನೆ ಹಾಗೆಯೇ ಇದೆ.

ನಮ್ಮ ಸಾಲಿನಲ್ಲಿ ಇರುವವರಿಗಾಗಿ, ನಾನು ಕಲಿತದ್ದನ್ನು ಚುಟುಕಾಗಿ ಹೇಳುತ್ತೇನೆ.

ಸಲಹೆಗಾರರ ಹತ್ತಿರ ಹೋಗುವ ಮೊದಲು ನಿಮ್ಮ ಕೋಡ್ ನೀವೇ ಹುಡುಕಿ. ವರ್ಗೀಕರಣ ಪೂರ್ತಿಯಾಗಿ ಕೆನಡಾ ಸರಕಾರದ ತಾಣದಲ್ಲಿ ಉಚಿತವಾಗಿ ಇದೆ. ಹುದ್ದೆಯ ಹೆಸರಿನಿಂದ ಹುಡುಕಬೇಡಿ, ಕರ್ತವ್ಯಗಳನ್ನು ಓದಿ ಹೋಲಿಸಿ.

ಕೆಲಸದ ಪತ್ರದಲ್ಲಿ ಹುದ್ದೆ, ದಿನಾಂಕ, ವಾರದ ಗಂಟೆ, ಸಂಬಳ, ಕರ್ತವ್ಯ ಎಲ್ಲವೂ ಇರಬೇಕು. ಕಂಪನಿ ಬಿಡುವಾಗಲೇ ಕೇಳಿ ಪಡೆಯಿರಿ. ಹತ್ತು ವರ್ಷದ ನಂತರ ಆ ಮ್ಯಾನೇಜರ್ ಇರುವುದಿಲ್ಲ, ಕೆಲವೊಮ್ಮೆ ಆ ಕಂಪನಿಯೂ ಇರುವುದಿಲ್ಲ. ಕರ್ತವ್ಯಗಳು ನಿಮ್ಮ ಮಾತಿನಲ್ಲಿರಲಿ, ಸರಕಾರಿ ಪುಟದ ನಕಲು ಬೇಡ. ಕಂಪನಿ ವಿವರ ಕೊಡದಿದ್ದರೆ, ಕೊಡಲಿಲ್ಲ ಎಂಬ ವಿವರಣೆಯ ಜತೆ ಬೇರೆ ದಾಖಲೆ ಇಡಿ.

ಕೆನಡಾದ ಅರ್ಜಿಗೆ ಹಣ ಪಡೆದು ಸಲಹೆ ಕೊಡುವವರು ಅಲ್ಲಿಯ ವಕೀಲರೋ ಅಲ್ಲಿಯ ಸಲಹೆಗಾರರ ಕಾಲೇಜಿನಲ್ಲಿ ನೋಂದಾಯಿಸಿದವರೋ ಆಗಿರಬೇಕು. ಆ ಪಟ್ಟಿ ಸಾರ್ವಜನಿಕ. ಗೋಡೆಯ ಮೇಲಿನ ಮೇಪಲ್ ಎಲೆಯ ಚಿತ್ರ ನೋಂದಣಿ ಅಲ್ಲ.

ಪಟ್ಟಿ ಬದಲಾಗುತ್ತದೆ ಎಂದು ಗೊತ್ತಿಟ್ಟುಕೊಳ್ಳಿ. ಕಳೆದ ವರ್ಷ ಯಾರದೋ ಆಯಿತು ಎಂಬುದು ಈ ವರ್ಷದ ನಿಮ್ಮ ಅರ್ಜಿಗೆ ಆಧಾರವಲ್ಲ. ಪ್ರಾಂತ ಹೆಸರು ಸೂಚಿಸುವುದು ನೀವು ಅಲ್ಲಿ ನೆಲೆಸುತ್ತೀರಿ ಎಂಬ ನಂಬಿಕೆಯ ಮೇಲೆ. ಮೈನಸ್ ಮೂವತ್ತರ ಚಳಿಯ ಊರನ್ನು ಟೊರೊಂಟೊಕ್ಕೆ ಹೋಗುವ ಪ್ಲಾಟ್‌ಫಾರ್ಮ್ ಎಂದುಕೊಂಡು ಸಹಿ ಹಾಕಬೇಡಿ.

ಇನ್ನು, ಎಲ್ಲಿಗೂ ಹೋಗುವ ಯೋಚನೆ ಇಲ್ಲದವರಿಗೂ ಒಂದು ಕೋರಿಕೆ. ಒಂದು ಭಾನುವಾರ ಒಂದು ಗಂಟೆ ಕೂತು, ಕಳೆದ ಆರು ತಿಂಗಳಲ್ಲಿ ನೀವು ನಿಜವಾಗಿ ಮಾಡಿದ್ದೇನು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮೇಲೆ ಹುದ್ದೆಯ ಹೆಸರು ಹಾಕಬೇಡಿ. ಬರೆದಾದ ಮೇಲೆ ಓದಿ ನೋಡಿ, ಆ ಕೆಲಸಕ್ಕೆ ನೀವು ಯಾವ ಹೆಸರು ಕೊಡುತ್ತೀರಿ ಎಂದು. ನನಗೆ ಆ ಹಾಳೆ ಇಷ್ಟವಾಗಲಿಲ್ಲ. ಆದರೆ ಐರೋಲಿಯಲ್ಲಿ ನನ್ನ ಕುರ್ಚಿ ಬದಲಾದದ್ದು ಆ ಹಾಳೆಯಿಂದಲೇ.